ಹನುಮವ್ವನ ಎಡಗಾಲಿನ ಚಪ್ಪಲಿ

ಚಿಕ್ಕಬಾಣಾವರದ ದೊಡ್ಡಮುನಿಯಪ್ಪನವರ ವಠಾರದಲ್ಲಿ ಚಿಂತೆ ಮಾಡುವ ಕೆಲಸವನ್ನು ಎಲ್ಲರೂ ಸೇರಿ ಹನುಮವ್ವನಿಗೆ ವಹಿಸಿಬಿಟ್ಟಿದ್ದರು. ಸಭೆ ಕರೆದು ವಹಿಸಿದ್ದಲ್ಲ; ತಾನಾಗಿಯೇ ಹಾಗಾಯಿತು. ಯಾರ ಮಗುವಿಗೆ ಜ್ವರ ಬಂದರೂ, ಯಾರ ಗಂಡ ಸೆಕೆಂಡ್ ಶಿಫ್ಟಿನಿಂದ ಬರುವುದು ತಡವಾದರೂ ಹನುಮವ್ವನ ಕೋಣೆಯ ಮುಂದೆ ನಿಂತು ಒಂದು ಮಾತು ಹೇಳಿ ಹೋದರೆ ಸಾಕು, ಮುಂದಿನದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಹೇಳಿದವರು ಹೋಗಿ ನಿಶ್ಚಿಂತೆಯಿಂದ ಧಾರಾವಾಹಿ ನೋಡುತ್ತಿದ್ದರು. ಅವಳ ಚಿಂತೆಯ ಕಾವು ಎಷ್ಟಿತ್ತೆಂದರೆ ಒಲೆ ಆರಿಸಿದ ಮೇಲೂ ಬೇಳೆ ಬೇಯುತ್ತಲೇ ಇರುತ್ತಿತ್ತು ಎಂದು ಪಕ್ಕದ ಕೋಣೆಯ ಮಹಾನಂದಾ ಹೇಳುತ್ತಾಳೆ. ಮಹಾನಂದಾ ಸುಳ್ಳು ಹೇಳುವ ಹೆಂಗಸಲ್ಲ. ಸ್ವಲ್ಪ ಸೇರಿಸುತ್ತಾಳೆ, ಅಷ್ಟೆ.

ಈ ವಿದ್ಯೆ ಹನುಮವ್ವನಿಗೆ ಹುಟ್ಟಿನಿಂದ ಬಂದದ್ದೇನಲ್ಲ. ಕುಷ್ಟಗಿ ಕಡೆಯ ಹಳ್ಳಿಯಲ್ಲಿದ್ದಾಗ ಅವಳೂ ಎಲ್ಲರಂತೆ ಸಾಧಾರಣವಾಗಿಯೇ ಚಿಂತಿಸುತ್ತಿದ್ದಳು. ಗಂಡ ಕಾಡಪ್ಪನ ಜೊತೆ ಬೆಂಗಳೂರಿಗೆ ಬಂದು, ಅವನು ಪೀಣ್ಯದ ಒಂದು ಗೋಡೌನಿಗೆ ವಾಚ್‌ಮನ್ ಆಗಿ, ಅವಳು ಶ್ಯಾಮಣ್ಣನವರ ಲೇತ್ ವರ್ಕ್‌ಶಾಪಿನಲ್ಲಿ ಕಸ ಗುಡಿಸಲು ಸೇರಿಕೊಂಡ ಮೇಲೂ ಅಂಥ ಪ್ರಗತಿಯೇನೂ ಕಾಣಲಿಲ್ಲ. ಒಬ್ಬನೇ ಮಗ ಈರಪ್ಪ ಸೈನ್ಯಕ್ಕೆ ಸೇರಿದ. ಅಲ್ಲಿಂದ ಕೈ ಕುದುರಿತು. ಕಾಡಪ್ಪನಾದರೋ ಒಂದು ಮನೆಗೆ ಚಿಂತೆ ಮಾಡುವವರು ಒಬ್ಬರು ಸಾಕೆಂದು ಮದುವೆಯಾದ ವರ್ಷವೇ ಆ ಖಾತೆಯನ್ನು ಹೆಂಡತಿಗೆ ಬಿಟ್ಟುಕೊಟ್ಟು, ಬೀಡಿಯ ಖಾತೆಯನ್ನು ತಾನು ಇಟ್ಟುಕೊಂಡಿದ್ದ.

ಈರಪ್ಪ ಓಟಗಾರ. ಬೆಳಗಾವಿಯ ಭರ್ತಿಯಲ್ಲಿ ಅವನು ಎಷ್ಟು ಜೋರಾಗಿ ಓಡಿದನೆಂದರೆ, ಗಡಿಯಾರ ಹಿಡಿದ ಹವಾಲ್ದಾರ ಗುಂಡಿ ಒತ್ತುವ ಮೊದಲೇ ಸುತ್ತು ಮುಗಿಸಿ ಬಂದು, ಎಲ್ಲಿ ಸಹಿ ಹಾಕಲಿ ಸಾಹೇಬ್ರ ಎಂದು ಕೇಳಿದನಂತೆ. ತರಬೇತಿ ಮುಗಿದು ಅವನು ಮೊದಲ ಸಲ ಕಾಶ್ಮೀರಕ್ಕೆ ಹೊರಟ ಬೆಳಿಗ್ಗೆ ಹನುಮವ್ವ ಹೊಸ್ತಿಲಲ್ಲೇ ನಿಂತು ಚಪ್ಪಲಿ ಬಿಟ್ಟು, ಊರ ದ್ಯಾಮವ್ವನಿಗೆ ಹರಕೆ ಹೊತ್ತಳು: “ತಾಯಿ, ನನ್ನ ಮಗ ತಿರುಗಿ ಬಂದು ಈ ಹೊಸ್ತಿಲ ಮ್ಯಾಲೆ ನಿಲ್ಲೂತನಕ ನನ್ನ ಕಾಲಿಗೆ ಚಪ್ಪಲಿ ಇಲ್ಲ.” ಹರಕೆಯ ಚಪ್ಪಲಿ ನೆಲದಲ್ಲಿರಬಾರದೆಂದು ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ನೇತು ಹಾಕಿದಳು.

ಹರಕೆ ಬಿಡಿಸಿಕೊಳ್ಳುವುದಕ್ಕೂ ಒಂದು ಕ್ರಮವಿತ್ತು. ಅವರ ಕಡೆ ಮನೆಗೆ ಬಂದವರ ಕಾಲಿಗೆ ನೀರು ಕೊಡುವುದು ಪದ್ಧತಿ. ಈರಪ್ಪ ರಜೆಯ ಮೇಲೆ ಬಂದಾಗ ಹನುಮವ್ವ ಕೊಡುತ್ತಿರಲಿಲ್ಲ, ತಾನೇ ಸುರಿಯುತ್ತಿದ್ದಳು. ಡ್ರಮ್ಮಿನ ನೀರು ಮೊದಲು ಬಲಗಾಲಿಗೆ.

“ಥಂಡಿ ಐತಿ, ಯವ್ವಾ!” ಎಂದು ಅವನು ಹಾರುತ್ತಿದ್ದ.

“ಬಲಗಾಲು ಬಂತು,” ಎನ್ನುತ್ತಿದ್ದಳು. ಆಮೇಲೆ ಎಡಗಾಲಿಗೆ. ಮತ್ತೆ ಹಾರುತ್ತಿದ್ದ. “ಎಡಗಾಲೂ ಬಂತು.”

ಹಿಮದೊಳಗೆ ಮಲಗಿ ಎದ್ದು ಬಂದವನು ಚಿಕ್ಕಬಾಣಾವರದ ಡ್ರಮ್ಮಿನ ನೀರಿಗೆ ಹೀಗೆ ಹಾರುವುದನ್ನು ನೋಡಲು ವಠಾರವೆಲ್ಲ ಸೇರುತ್ತಿತ್ತು. ಎರಡು ಕಾಲೂ ಥಂಡಿ ಎಂದ ಮೇಲೆ ಹನುಮವ್ವ ಮೊಳೆಯಿಂದ ಚಪ್ಪಲಿ ಇಳಿಸಿ ಮೆಟ್ಟಿಕೊಂಡು, ಅಗತ್ಯವಿಲ್ಲದಿದ್ದರೂ ಅಂಗಡಿಯ ತನಕ ಹೋಗಿ ಬರುತ್ತಿದ್ದಳು. ರಜೆ ಮುಗಿದು ಮಗ ಹೊರಟ ದಿನ ಚಪ್ಪಲಿ ಮತ್ತೆ ಮೊಳೆಗೆ. ಅಂಗಡಿಯವನು ಒಂದು ವರ್ಷ ಬಾಳಿಕೆ ಬರುತ್ತದೆ ಎಂದು ಕೊಟ್ಟ ಆ ಚಪ್ಪಲಿ ಹೀಗೆ ಐದು ವರ್ಷವಾದರೂ ಹೊಸದರ ವಾಸನೆ ಬಿಟ್ಟಿರಲಿಲ್ಲ.

ಬರಿಗಾಲು ಹಳ್ಳಿಯಲ್ಲಾದರೆ ದೊಡ್ಡ ವಿಷಯವಲ್ಲ. ಪೀಣ್ಯದ ಮಾತೇ ಬೇರೆ. ಅಲ್ಲಿ ಮಣ್ಣಿಗಿಂತ ಕಬ್ಬಿಣ ಹೆಚ್ಚು. ಕೈಯಲ್ಲೊಂದು ಅಯಸ್ಕಾಂತ ಹಿಡಿದು ಕೈಗಾರಿಕಾ ಪ್ರದೇಶದ ಎರಡನೇ ಹಂತದಿಂದ ಮೂರನೇ ಹಂತಕ್ಕೆ ನಡೆದು ಹೋದರೆ ಒಂದು ಸೈಕಲ್ಲಿಗೆ ಆಗುವಷ್ಟು ಅಂಟಿಕೊಳ್ಳುತ್ತದೆ. ಬೆಲ್ ಮಾತ್ರ ಬೇರೆ ಕೊಳ್ಳಬೇಕು. ಶ್ಯಾಮಣ್ಣನವರ ವರ್ಕ್‌ಶಾಪಿನಲ್ಲಂತೂ ಲೇತಿನಿಂದ ಸುರುಳಿ ಸುರುಳಿಯಾಗಿ ಬೀಳುವ ಕಬ್ಬಿಣದ ಸಿಪ್ಪೆಯನ್ನು ಗುಡಿಸುವುದೇ ಹನುಮವ್ವನ ಕೆಲಸ. ಬ್ಲೇಡಿನಂಥ ಸಿಪ್ಪೆ. ಶ್ಯಾಮಣ್ಣ ಸೇಫ್ಟಿ ಶೂ ತಂದುಕೊಟ್ಟರು. ಮಾರನೆಯ ದಿನ ಅದು ಕಾಡಪ್ಪನ ಕಾಲಲ್ಲಿತ್ತು.

“ಹನುಮವ್ವ, ಇನ್ಸ್‌ಪೆಕ್ಷನ್‌ಗೆ ಬರೋರು ನಿನ್ನ ಕಾಲು ನೋಡಿದ್ರೆ ನನ್ನ ಶಾಪ್ ಮುಚ್ಚಿಸ್ಬಿಡ್ತಾರೆ ಕಣಮ್ಮ,” ಎಂದರು ಶ್ಯಾಮಣ್ಣ.

“ನನ್ನ ಕಾಲು ನೋಡಾಕ ಯಾಕ ಬರ್ತಾರ್ರೀ ಸಾಹೇಬ್ರ? ನಿಮ್ಮ ಮಷಿನ್ ನೋಡಾಕ ಬರ್ತಾರ.”

ಮೊದಮೊದಲು ಸಿಪ್ಪೆ ಚುಚ್ಚಿದಾಗ ಪ್ರಾಣ ಹೋಗುವಂತಾಗುತ್ತಿತ್ತು. ವರ್ಷ ಕಳೆದಂತೆ ನೋವು ಕಮ್ಮಿಯಾಗುತ್ತ ಬಂದು, ಕೊನೆಗೆ ಎಡ ಅಂಗಾಲಿಗೆ ಚುಚ್ಚಿದ್ದೂ ಗೊತ್ತಾಗದಂತಾಯಿತು. ದ್ಯಾಮವ್ವ ತನ್ನ ಹರಕೆಗೆ ಮೆಚ್ಚಿ ನೋವನ್ನು ತೆಗೆದುಕೊಂಡಳೆಂದು ಹನುಮವ್ವ ತಿಳಿದುಕೊಂಡಳು. ತೆಗೆದುಕೊಂಡವರು ಬೇರೆಯವರೆಂದು ಆಮೇಲೆ ಗೊತ್ತಾಯಿತು.

ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ, ಅವಳು ಸಿಪ್ಪೆಯ ಬುಟ್ಟಿ ಎತ್ತುತ್ತಿದ್ದಾಗ ಫೋನು ಬಂತು.

“ಯವ್ವಾ, ನಾನು. ಆರಾಮ ಅದೀನಿ.”

ಆರಾಮ ಇರುವವನು ಕೆಲಸದ ಹೊತ್ತಿನಲ್ಲಿ ಫೋನ್ ಮಾಡುವುದಿಲ್ಲವೆಂದು ತಿಳಿಯದಷ್ಟು ಹೊಸಬಳಲ್ಲ ಹನುಮವ್ವ.

“ಏನಾಗೇತಿ ಹೇಳು.”

“ಕಾಲಿಗೆ ಸ್ವಲ್ಪ ಪೆಟ್ಟಾಗೇತಿ.”

“ಸ್ವಲ್ಪ ಅಂದ್ರ ಎಷ್ಟು?”

“ಎಡಗಾಲು. ಮಣಕಾಲಿನ ಕೆಳಗಿಂದು.”

“ಕೆಳಗಿಂದು ಏನಾಗೇತಿ?”

“ಕೆಳಗಿಂದು ಇಲ್ಲ.”

ಸುತ್ತ ಲೇತುಗಳು ಓಡುತ್ತಿದ್ದವು. ಹನುಮವ್ವ ಫೋನನ್ನು ಸೆರಗಿನಿಂದ ಒರೆಸಿ ಮತ್ತೆ ಕಿವಿಗಿಟ್ಟುಕೊಂಡಳು.

“ಉಂಡಿಯೇನು?” ಎಂದು ಕೇಳಿದಳು.

“ಉಂಡೆ. ಅನ್ನ, ಬ್ಯಾಳಿ.”

ಆ ದಿನ ಹನುಮವ್ವ ಚಿಂತೆ ಮಾಡಲಿಲ್ಲ. ವಠಾರದವರು ಗಾಬರಿಯಾದರು. ಎಂದೂ ನಿಲ್ಲದ ಮಿಲ್ಲು ನಿಂತರೆ ಊರಿಗೆ ಆಗುವಂಥ ಗಾಬರಿ ಅದು. ಮಹಾನಂದಾ ಬಂದು ತನ್ನ ಮಗಳ ಕೆಮ್ಮಿನ ವಿಚಾರ ಹೇಳಿ ನೋಡಿದಳು. ಹನುಮವ್ವ “ಹೌದಾ?” ಎಂದಳು, ಅಷ್ಟೆ. ಮಹಾನಂದಾ ಆ ರಾತ್ರಿ ತನ್ನ ಮಗಳ ಚಿಂತೆಯನ್ನು ತಾನೇ ಮಾಡಬೇಕಾಯಿತು. ಅಭ್ಯಾಸವಿಲ್ಲದ್ದರಿಂದ ತಲೆನೋವು ಬಂತು.

ಕಾಡಪ್ಪ ಸೈನ್ಯದ ಆಸ್ಪತ್ರೆಗೆ ಹೋಗಿ ಮಗನನ್ನು ನೋಡಿ ಬಂದ. ಅವನು ತಂದ ವರದಿ ಹೀಗಿತ್ತು: “ಚೊಲೊ ಅದಾನ. ಗಡ್ಡ ಬಿಟ್ಟಾನ.” ಇನ್ನೂ ಏನಾದರೂ ಹೇಳೆಂದು ಹೆಂಡತಿ ಒಂದು ವಾರ ಹಿಂಡಿದ ಮೇಲೆ, ಪಕ್ಕದ ಮಂಚದ ಸೈನಿಕನೊಬ್ಬ ಹೇಳಿದ್ದನ್ನು ಅವನು ಬಾಯಿ ಬಿಟ್ಟ. ಗಸ್ತಿನಲ್ಲಿ ಎಲ್ಲರಿಗಿಂತ ಮುಂದೆ ಈರಪ್ಪ ಇದ್ದ. ನೆಲದಲ್ಲಿ ಹುಗಿದಿದ್ದ ಬಾಂಬನ್ನು ಮೆಟ್ಟಿದ. ಬಿದ್ದಲ್ಲಿಂದಲೇ ಹಿಂದಿನವರಿಗೆ, ಯಾರೂ ನನ್ನ ಹತ್ತಿರ ಬರಬೇಡಿ, ನಿಮ್ಮ ನಿಮ್ಮ ಹೆಜ್ಜೆ ಗುರುತಿನ ಮೇಲೇ ಹಿಂದಕ್ಕೆ ಹೋಗಿ ಎಂದು ಕೂಗಿದ. ದಾರಿ ಸರಿಮಾಡಿಕೊಂಡು ಅವರು ಬಂದು ಎತ್ತಿಕೊಳ್ಳುವ ತನಕ ಒಬ್ಬನೇ ಮಲಗಿದ್ದ. “ಹೊಸಾ ಬೂಟು ಹೋತು ಅಂತ ಬ್ಯಾಸರ ಮಾಡಿಕೊಂಡಿದ್ನಂತ,” ಎಂದು ಕಾಡಪ್ಪ ಮುಗಿಸಿ ಬೀಡಿ ಹಚ್ಚಲು ಹೋದ. ಕಡ್ಡಿ ನಾಲ್ಕು ಸಲ ಆರಿತು.

ಪುಣೆಯಲ್ಲಿ ಸೈನಿಕರಿಗೆ ಕಾಲು ಕೂರಿಸುವ ಆಸ್ಪತ್ರೆಯಿದೆ. ಅಲ್ಲಿ ಹೊಸ ಕಾಲು ಕೂರಿಸಿಕೊಂಡು, ನಡೆಯಲು ಕಲಿತು, ಸೈನ್ಯದಿಂದ ಬಿಡುಗಡೆಯಾಗಿ ಈರಪ್ಪ ಮರುವರ್ಷ ಬೇಸಿಗೆಯಲ್ಲಿ ಬಂದ. ಯಶವಂತಪುರದಲ್ಲಿ ಇಳಿದು, ಪ್ಯಾಸೆಂಜರ್ ಹಿಡಿದು, ಚಿಕ್ಕಬಾಣಾವರ ಸ್ಟೇಶನ್ನಿನಿಂದ ಟ್ರಂಕು ಹೊತ್ತುಕೊಂಡು ನಡೆದೇ ಬಂದ. ಎದುರಿಗೆ ಸಿಕ್ಕ ದೊಡ್ಡಮುನಿಯಪ್ಪನವರು ಟ್ರಂಕಿಗೆ ಕೈ ಹಾಕಿದರೆ, “ಬ್ಯಾಡ್ರಿ ಮಾಲಕ್ರ, ಇದು ಭಾರ ಐತಿ,” ಎಂದ.

ವಠಾರ ಸೇರಿತ್ತು. ಹನುಮವ್ವ ಡ್ರಮ್ಮಿನ ನೀರನ್ನು ಚೆಂಬಿನಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಈರಪ್ಪ ಎರಡೂ ಬೂಟು ಬಿಚ್ಚಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಹೊಸ ಕಾಲನ್ನು ಬೂಟಿನ ಹಿಮ್ಮಡಿಯ ಎತ್ತರಕ್ಕೆ ಹೊಂದಿಸಿ ಕೂರಿಸಿದ್ದರು. ಬೂಟು ಬಿಚ್ಚಿದರೆ ಅದು ಅವನನ್ನು ಹಿಂದಕ್ಕೆ ದೂಡುತ್ತಿತ್ತು. ಪಾದ ಚೆನ್ನಾಗಿತ್ತು. ಬೆರಳೂ ಮೂಡಿಸಿದ್ದರು. ಬಣ್ಣ ಮಾತ್ರ ಈರಪ್ಪನದಲ್ಲ, ಯಾರೋ ದೊಡ್ಡ ಆಫೀಸರನದು.

ಬಲಗಾಲಿಗೆ ನೀರು ಬಿತ್ತು. “ಥಂಡಿ ಐತಿ, ಯವ್ವಾ!” ಎಂದು ಈರಪ್ಪ ಎಂದಿನಂತೆ ಕೂಗಿದ. ಹಾರಲಿಲ್ಲ.

“ಬಲಗಾಲು ಬಂತು.”

ಎಡಗಾಲಿಗೆ ನೀರು ಬಿತ್ತು. ಹರಿದು ಹೋಯಿತು. ತಾಯಿ ಅಳುವುದಕ್ಕೆ ಮೊದಲು ಏನಾದರೂ ಹೇಳಬೇಕೆಂದು ಈರಪ್ಪ ನಗುತ್ತ ಹೇಳಿದ: “ಇದಕ್ಕ ಥಂಡಿ ಇಲ್ಲ, ಬಿಸಿ ಇಲ್ಲ, ನೋವಂತೂ ಇಲ್ಲಽ ಇಲ್ಲ. ಒಲಿಯಾಗ ಇಟ್ರೂ ಗೊತ್ತಾಗಂಗಿಲ್ಲ. ಭಾಳ ಚೊಲೊ ಕಾಲು ಕೊಟ್ಟಾರ, ಯವ್ವಾ.”

ಹನುಮವ್ವ ಅಳಲಿಲ್ಲ. ಚೆಂಬನ್ನು ಕೆಳಗಿಟ್ಟಳು.

“ಹಂಗಾದ್ರ ಅದು ನಿನ್ನ ಕಾಲಲ್ಲ,” ಎಂದಳು. “ಒಂದು ಕಾಲು ಬಂದೈತಿ. ಇನ್ನೊಂದು ಬರಬೇಕು.”

ಚಪ್ಪಲಿ ಮೊಳೆಯಲ್ಲೇ ಉಳಿಯಿತು.

ಮಗ ಕಣ್ಣೆದುರಿಗೆ ಬಂದ ಮೇಲೆ ಅವಳ ಚಿಂತೆ ಮತ್ತೆ ಓಡಲಾರಂಭಿಸಿತು. ವಠಾರ ಉಸಿರಾಡಿತು. ಈರಪ್ಪ ಪೀಣ್ಯದ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದ. ನಗುನಗುತ್ತಲೇ ಇದ್ದ. ಆದರೆ ಒಮ್ಮೊಮ್ಮೆ ಉಣ್ಣುತ್ತ ಕೂತವನು ಥಟ್ಟನೆ ಮಾತು ನಿಲ್ಲಿಸುತ್ತಿದ್ದ, ಹಲ್ಲು ಕಚ್ಚುತ್ತಿದ್ದ, “ಗಾಳಿ ತಗೊಂಡು ಬರ್ತೀನಿ” ಎಂದು ಎದ್ದು ಸ್ಟೇಶನ್ನಿನ ಕಡೆ ನಡೆದುಬಿಡುತ್ತಿದ್ದ. ಬೆವರಿಕೊಂಡು ಬರುತ್ತಿದ್ದ. ಚಿಕ್ಕಬಾಣಾವರದಲ್ಲಿ ಬೆವರು ಬರಿಸುವಂಥ ಗಾಳಿ ಯಾವುದೆಂದು ಹನುಮವ್ವನಿಗೆ ಹೊಳೆಯಲಿಲ್ಲ.

“ನೋವೈತೇನೋ ಈರ್ಯಾ?”

“ಇಲ್ಲದ್ದು ಹ್ಯಾಂಗ ನೋಯತೈತಿ, ಯವ್ವಾ?”

ಜೊತೆಗಾರರ ನೆನಪಾಗುತ್ತಿರಬೇಕೆಂದು ಅವಳು ಅದನ್ನೂ ತನ್ನ ಚಿಂತೆಗಳ ಸಾಲಿಗೆ ಸೇರಿಸಿಕೊಂಡಳು.

ಒಂದು ದಿನ ಮಹಾನಂದಾ ವಠಾರದ ಅಂಗಳ ತೊಳೆದು ಮುಗಿಸಿದಾಗ, ತೊಳೆದ ನೆಲದ ಮೇಲೆ ಹನುಮವ್ವ ನಡೆದು ಹೋದಲ್ಲೆಲ್ಲ ಕೆಂಪು ಕೆಂಪು ಪಾದ ಮೂಡಿತ್ತು. ಎಡಪಾದ ಮಾತ್ರ. ಹನುಮವ್ವ ತಿರುಗಿ ನೋಡಿ, “ಯಾರವ್ವಾ, ಕುಂಕುಮದ ನೀರು ಚೆಲ್ಲಿದವರು?” ಎಂದು ಬೈದಳು. ಅಂಗಾಲು ಎತ್ತಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಗಾಯ. ಅದರೊಳಗೆ ಎಂದಿನದೋ ಕಬ್ಬಿಣದ ಸುರುಳಿ ಮನೆ ಮಾಡಿಕೊಂಡು ಕೂತಿತ್ತು.

ಈರಪ್ಪ ಅವಳನ್ನು ಜಾಲಹಳ್ಳಿ ಕ್ರಾಸಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟ. ಬಸ್ಸು ತುಂಬಿತ್ತು. ಅಂಗವಿಕಲರ ಸೀಟಿನಲ್ಲಿ ಐಡಿ ಕಾರ್ಡು ಹಾಕಿಕೊಂಡವನೊಬ್ಬ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದ.

“ಅಣ್ಣಾರ, ಈ ಸೀಟು ಬೇಕಾಗಿತ್ತು,” ಎಂದ ಈರಪ್ಪ.

ಅವನು ಮೇಲಿಂದ ಕೆಳಗೆ ನೋಡಿದ. “ಚೆನ್ನಾಗೇ ನಿಂತಿದೀರಲ್ಲ ಗುರು. ಅಂಗವಿಕಲರಿಗೆ ಬಿಡ್ಬೇಕು ಇದು.”

“ಹೌದ್ರಿ. ಒಂದ್ ಸ್ವಲ್ಪ ಇದನ್ನ ಹಿಡ್ಕೋರಿ,” ಎಂದು ಈರಪ್ಪ ಕಂಬಕ್ಕೆ ಒರಗಿ, ಪ್ಯಾಂಟಿನ ಕಾಲು ಸರಿಸಿ, ಕಾಲನ್ನು ಬೂಟಿನ ಸಮೇತ ಕಳಚಿ ಅವನ ತೊಡೆಯ ಮೇಲಿಟ್ಟ.

ಆ ಬಸ್ಸಿನಲ್ಲಿ ಅಂಥ ನಿಶ್ಶಬ್ದ ಅದಕ್ಕೆ ಮೊದಲೂ ಇರಲಿಲ್ಲ, ಆಮೇಲೂ ಆಗಲಿಲ್ಲ. ಇಂಜಿನ್ನು ಕೂಡ ಸ್ವಲ್ಪ ಹೊತ್ತು ಸದ್ದಿಲ್ಲದೆ ಓಡಿತು ಎನ್ನುತ್ತಾರೆ. ಐಡಿ ಕಾರ್ಡಿನವನು ಕಾಲನ್ನು ನಾಮಕರಣದ ಮಗುವಿನಂತೆ ಹಿಡಿದುಕೊಂಡು ಎದ್ದು ನಿಂತ. ಕಂಡಕ್ಟರು ಬಂದು ಬಹಳ ವಿನಯದಿಂದ, ಇದಕ್ಕೆ ಲಗೇಜ್ ಹಾಕಬೇಕೋ ಬೇಡವೋ ಗೊತ್ತಾಗುತ್ತಿಲ್ಲ ಎಂದ. ಈರಪ್ಪ ತಾಯಿಯನ್ನು ಸೀಟಿನಲ್ಲಿ ಕೂರಿಸಿ, ಕಾಲನ್ನು ವಾಪಸ್ ಹಾಕಿಕೊಂಡು, ಜಾಲಹಳ್ಳಿ ಕ್ರಾಸಿನ ತನಕ ನಿಂತೇ ಬಂದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹನುಮವ್ವನ ಎಡ ಅಂಗಾಲಿಗೆ ಸೂಜಿಯಿಂದ ಚುಚ್ಚಿದರು. ಹನುಮವ್ವ ಗೋಡೆಯ ಮೇಲಿನ ಕ್ಯಾಲೆಂಡರಿನ ಗಣಪತಿಯನ್ನು ನೋಡುತ್ತಿದ್ದಳು.

“ಗೊತ್ತಾಗ್ತಿದೆಯಾ ಅಮ್ಮ?”

“ಏನು?”

ಸಕ್ಕರೆ ಕಾಯಿಲೆ ಎಂದಾಯಿತು. ನೋವನ್ನು ತೆಗೆದುಕೊಂಡದ್ದು ದ್ಯಾಮವ್ವನಲ್ಲ.

“ನೋವು ಗೊತ್ತಾಗದೇ ಇರೋ ಕಾಲನ್ನ ಉಳಿಸೋದು ಕಷ್ಟ ಅಮ್ಮ. ಬರಿಗಾಲಲ್ಲಿ ಒಂದು ಹೆಜ್ಜೆನೂ ಇಡ್ಬೇಡಿ. ಈ ಗಾಯ ಇನ್ನೂ ಮೇಲೆ ಹೋದ್ರೆ ಕಾಲು...” ಎಂದು ಡಾಕ್ಟರು ಈರಪ್ಪನ ಕಾಲಿನ ಕಡೆ ನೋಡಿ ನಿಲ್ಲಿಸಿದರು.

“ನನ್ನಂಗ ಆಗತೈತಿ. ಹೇಳ್ರಿ ಮೇಡಂ, ಪರವಾಗಿಲ್ಲ,” ಎಂದ ಈರಪ್ಪ.

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾತ್ರೆಯನ್ನು ಹನುಮವ್ವ ಒಪ್ಪಿಕೊಂಡಳು. ಸಕ್ಕರೆ ಬಿಟ್ಟಳು. ಅನ್ನ ಕಮ್ಮಿ ಮಾಡಿದಳು. ಚಪ್ಪಲಿಯ ಮಾತು ಬಂದರೆ, “ಎಡಗಾಲು ಬಂದಿಲ್ಲಲ್ಲೋ” ಎಂದಳು. ಹೊತ್ತ ಹರಕೆಯನ್ನು ನಡುವೆ ಬಿಟ್ಟರೆ ದ್ಯಾಮವ್ವ ಬಲಗಾಲನ್ನೂ ಕೇಳಿದರೆ? ತನ್ನ ಕಾಲಲ್ಲ, ಮಗನದು.

ವಿಷಯ ದೊಡ್ಡಮುನಿಯಪ್ಪನವರ ಕಟ್ಟೆಗೆ ಹೋಯಿತು. ರಾಗಿ ಹೊಲವಿದ್ದ ಜಾಗದಲ್ಲಿ ಶೀಟಿನ ಕೋಣೆಗಳ ಸಾಲು ಕಟ್ಟಿಸಿ ಬಾಡಿಗೆಗೆ ಬಿಟ್ಟವರು ಅವರು. ಅಣ್ಣತಮ್ಮಂದಿರ ಜಮೀನಿನ ಜಗಳಗಳನ್ನೆಲ್ಲ ಅರ್ಧ ಅರ್ಧ ಮಾಡಿಯೇ ಬಗೆಹರಿಸಿ ಹೆಸರಾಗಿದ್ದರು. ಇಲ್ಲೂ ಅದನ್ನೇ ಮಾಡಿದರು.

“ನೋಡಮ್ಮಿ ಅನುಮವ್ವ, ಒಂದ್ ಕಾಲು ಬಂದೈತೆ ಅಂತ ನೀನೇ ಅಂತೀಯ. ಬಂದಿರೋ ಕಾಲಿನ ಲೆಕ್ಕಕ್ಕೆ ಒಂದ್ ಚಪ್ಪಲಿ ಆಕ್ಕೋ. ಇನ್ನೊಂದು ಬಂದಾಗ ಇನ್ನೊಂದು. ಅಂಗ್ ಮಾಡಿದ್ರೆ ದ್ಯಾವ್ರೂ ಬೇಡ ಅನ್ನಾಕಿಲ್ಲ.”

ಹನುಮವ್ವ ಯೋಚಿಸಿ ನೋಡಿದಳು. ನ್ಯಾಯ ಸರಿಯಿತ್ತು. ಮಾರನೆಯ ದಿನ ಮೊಳೆಯಿಂದ ಒಂದು ಚಪ್ಪಲಿ ಇಳಿಸಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟಳು. ಬಲಗಾಲಿನದು. ಗಾಯವಿದ್ದದ್ದು ಎಡಗಾಲಿನಲ್ಲಿ. ದೊಡ್ಡಮುನಿಯಪ್ಪನವರು ಅವಳು ಗೇಟು ದಾಟುವ ತನಕ ನೋಡುತ್ತ ನಿಂತು, “ಥತ್,” ಎಂದು ತಮ್ಮ ಹಣೆಗೆ ತಾವೇ ಹೊಡೆದುಕೊಂಡರು.

ಈಗ ಚಿಂತೆ ಮಾಡುವ ಸರದಿ ಈರಪ್ಪನದಾಯಿತು. ಸೈನ್ಯದಲ್ಲಿ ಇದನ್ನು ಕಲಿಸಿರಲಿಲ್ಲ. ಗೇಟಿನಲ್ಲಿ ನಿಂತವನು ಬರುವ ಲಾರಿಗಳ ನಂಬರಿನ ಬದಲು ರಸ್ತೆಯ ಮೇಲೆ ಹೋಗುವ ಹೆಂಗಸರ ಕಾಲುಗಳನ್ನೇ ನೋಡಿ ಬೈಸಿಕೊಂಡ. ಮನೆಗೆ ಬಂದರೆ ಮೊದಲು ತಾಯಿಯ ಅಂಗಾಲು ಎತ್ತಿ ಬ್ಯಾಟರಿ ಬಿಟ್ಟು ನೋಡುತ್ತಿದ್ದ. ಗಾಯ ಒಂದು ವಾರ ಒಣಗಿದಂತೆ ಕಾಣುತ್ತಿತ್ತು, ಇನ್ನೊಂದು ವಾರ ಬಾಯಿ ಬಿಡುತ್ತಿತ್ತು. ಹೀಗೆ ಆಯುಧಪೂಜೆ ಬಂತು.

ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಉಳಿದ ಹಬ್ಬಗಳೆಲ್ಲ ಬದಿಗೆ ನಿಲ್ಲಬೇಕು. ಅಂದು ಮಷಿನ್ನು ಕೂಗುವುದಿಲ್ಲ. ಕುಂಕುಮ ಇಟ್ಟುಕೊಂಡು, ಮಾವಿನ ಸೊಪ್ಪು ಮುಡಿದುಕೊಂಡು, ಮದುವೆಗೆ ಬಂದ ಬೀಗರಂತೆ ಗಂಭೀರವಾಗಿ ಕೂತಿರುತ್ತದೆ. ರಸ್ತೆಯಲ್ಲಿ ಒಡೆದ ಬೂದುಗುಂಬಳದಲ್ಲಿ ಬಿಬಿಎಂಪಿಯ ಲಾರಿಯೊಂದು ಆ ವರ್ಷ ಜಾರಿ ನೆಲಮಂಗಲದಲ್ಲಿ ಹೋಗಿ ನಿಂತಿತಂತೆ. ಪೂಜೆಗೆ ಮೊದಲು ವರ್ಷದ ಕಸವೆಲ್ಲ ಹೊರಗೆ ಹೋಗಬೇಕು. ಮೂಲೆ ಮೂಲೆಯ ಕಬ್ಬಿಣದ ಸಿಪ್ಪೆ ಅಂಗಳಕ್ಕೆ ಬಂದು ಬೀಳುತ್ತದೆ. ಆ ಕೆಲಸಕ್ಕೆ ಹನುಮವ್ವನೇ ಬೇಕು. ಅಲ್ಲ, ಶ್ಯಾಮಣ್ಣ ಬೇಡವೆಂದೇ ಹೇಳಿದ್ದರು. ಹನುಮವ್ವನಿಗೆ ಬೇಕು.

ಬೆಳಿಗ್ಗೆ ಅವಳು ಒಂದು ಚಪ್ಪಲಿಯಲ್ಲಿ ಹೊರಟಾಗ ಈರಪ್ಪ ಎದ್ದು ನಿಂತ.

“ಇವತ್ತ ಬ್ಯಾಡ, ಯವ್ವಾ.”

“ವರ್ಷದ ಹಬ್ಬಽ ಐತಿ.”

“ಎಡಗಾಲಿಗೂ ಹಾಕ್ಕೋ ಹಂಗಾದ್ರ.”

“ಬಂದಿಲ್ಲಲ್ಲೋ.”

“ಆತು ಬಿಡು,” ಎಂದು ಈರಪ್ಪ ಕೂತು ಎರಡೂ ಬೂಟು ಬಿಚ್ಚಿದ. “ನೀ ಹ್ಯಾಂಗ ಹೋಗ್ತಿ, ನಾನೂ ಹಂಗಽ ಬರ್ತೀನಿ. ನಿನಗ ಎಷ್ಟು ಚುಚ್ಚತೈತಿ ನನಗೂ ಅಷ್ಟು ಚುಚ್ಚಲಿ.”

“ಹುಚ್ಚೇನು ನಿನಗ?”

“ಮನೆತನದ್ದಽ ಅಲ್ಲೇನು, ಯವ್ವಾ?”

ಮೂಲೆಯಲ್ಲಿ ಶೂ ಒರೆಸುತ್ತ ಕೂತಿದ್ದ ಕಾಡಪ್ಪ ಇಬ್ಬರನ್ನೂ ನೋಡಿ, ತನ್ನ ಶೂ ಹಾಕಿಕೊಂಡು, ಲೇಸು ಬಿಗಿಯಾಗಿ ಕಟ್ಟಿ ಹಿಂದೆ ಹೊರಟ. ಮೂವರಲ್ಲಿ ಎರಡೂ ಕಾಲಿಗೆ ಏನಾದರೂ ಹಾಕಿಕೊಂಡವನು ಅವನೊಬ್ಬನೇ.

ಬಸ್ಸಿಳಿದು ವರ್ಕ್‌ಶಾಪಿನ ತನಕ ಈರಪ್ಪ ಹಿಂದಕ್ಕೆ ವಾಲುತ್ತ, ಮುಂದಕ್ಕೆ ತುಯ್ಯುತ್ತ ನಡೆದ. ಬೂಟಿಲ್ಲದ ಕಾಲು ಪ್ರತಿ ಹೆಜ್ಜೆಗೂ ಅವನನ್ನು ಚಿಕ್ಕಬಾಣಾವರಕ್ಕೆ ವಾಪಸ್ ಕಳಿಸಲು ನೋಡುತ್ತಿತ್ತು. ಒಂದು ಕಡೆ ಬಿದ್ದ. ಹನುಮವ್ವ ಓಡಿ ಬರುವುದರೊಳಗೆ ಎದ್ದು, ಬಿದ್ದದ್ದು ತಾನಲ್ಲ ಎನ್ನುವವನ ಹಾಗೆ ಮಣ್ಣು ಝಾಡಿಸಿಕೊಂಡ. ಅಂಗಳದಲ್ಲಿ ಸಿಪ್ಪೆ ಮಿರಮಿರ ಮಿಂಚುತ್ತ ಹರಡಿತ್ತು. ನಡುವೆ ದಾರಿಯಿರಲಿಲ್ಲ. ಈರಪ್ಪ ನಿಲ್ಲಲಿಲ್ಲ, ತಾಯಿಗಿಂತ ಮುಂದಾಗಿ ಅದರ ಮೇಲೇ ನಡೆದು ಹೋಗಿ ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತ. ಹಿಂದೆ ಸಿಮೆಂಟಿನ ಮೇಲೆ ಕೆಂಪು ಪಾದದ ಸಾಲು ಮೂಡಿತ್ತು. ಬಲಪಾದ ಮಾತ್ರ.

“ಏ ಈರಪ್ಪ, ಏನಯ್ಯ ಇದು!” ಎಂದು ಶ್ಯಾಮಣ್ಣ ಅರಿಶಿನದ ತಟ್ಟೆ ಹಿಡಿದುಕೊಂಡೇ ಓಡಿ ಬಂದರು.

ಹನುಮವ್ವ ಪೊರಕೆ ಬಿಸಾಡಿ ನೆಲಕ್ಕೆ ಕೂತು ಮಗನ ಬಲಗಾಲನ್ನು ಮಡಿಲಲ್ಲಿ ಇಟ್ಟುಕೊಂಡಳು. ಬೈಯುತ್ತ ಒಂದು ಸುರುಳಿ ಕಿತ್ತಳು. ಈರಪ್ಪ ನಕ್ಕ. ಇನ್ನೊಂದು ಕಿತ್ತಳು. ನಕ್ಕ. ಮೂರನೆಯದಕ್ಕೆ ಕೈ ಹಾಕುವಾಗ ಅವನ ನಗು ಥಟ್ಟನೆ ನಿಂತಿತು. ಹಲ್ಲು ಕಚ್ಚಿದ. ಎದ್ದು ಗಾಳಿ ತೆಗೆದುಕೊಳ್ಳಲು ಹೋಗೋಣವೆಂದರೆ ಒಂದು ಕಾಲು ತಾಯಿಯ ಮಡಿಲಲ್ಲಿತ್ತು. ಎರಡೂ ಕೈಯಿಂದ ಅವನು ಇನ್ನೊಂದು ಕಾಲಿನ ಬೆರಳುಗಳನ್ನು, ಆ ಆಫೀಸರನ ಬಣ್ಣದ ಬೆರಳುಗಳನ್ನು, ಗಟ್ಟಿಯಾಗಿ ಹಿಡಿದು ಹಿಸುಕತೊಡಗಿದ. ಹಣೆಯಲ್ಲಿ ಬೆವರು ಒಡೆಯಿತು.

ಹನುಮವ್ವ ಅವನ ಕೈಯನ್ನೇ ನೋಡಿದಳು.

“ಅದನ್ಯಾಕ ಹಿಡಕೊಂಡಿ?”

“ಸುಮ್ನ.”

“ಒಲಿಯಾಗ ಇಟ್ರೂ ಗೊತ್ತಾಗಂಗಿಲ್ಲ ಅಂದಿದ್ಯಲ್ಲೋ?”

ಈರಪ್ಪ ಉತ್ತರ ಹೇಳಲು ಬಾಯಿ ತೆಗೆದ. ಬಂದದ್ದು ಉತ್ತರವಲ್ಲ, ನರಳಿಕೆ. ಗಡಿಯಲ್ಲಿ ಬಿದ್ದಾಗಲೂ ಹೊರಗೆ ಬಿಡದಿದ್ದದ್ದು ಲೇತುಗಳ ಮುಂದೆ ಬಂದುಬಿಟ್ಟಿತು.

“ನೋಯಾಕತ್ತೈತಿ, ಯವ್ವಾ.”

“ಎಲ್ಲಿ?”

“ಹೆಬ್ಬೆರಳು. ಯಾರೋ ತಿರುವಿದಂಗ.”

“ಯಾವ ಹೆಬ್ಬೆರಳು?”

“ಅಲ್ಲೇ ಹೋತಲ್ಲ, ಅದು. ಇಲ್ಲ, ಆದ್ರೂ ನೋಯತೈತಿ. ಪುಣೇದಾಗ ಡಾಕ್ಟರ್ರು ಹೇಳ್ಯಾರ, ಹಿಂಗ ಆಗತೈತಿ ಭಾಳ ಮಂದಿಗೆ ಅಂತ.”

“ಯಾವಾಗಿಂದ?”

“ಮೊದಲಿಂದಾನೂ. ನೀ ಚಿಂತಿ ಮಾಡ್ತಿ ಅಂತ ಹೇಳಲಿಲ್ಲ.”

ಸ್ಟೇಶನ್ನಿನ ಗಾಳಿಗೆ ಯಾಕೆ ಬೆವರು ಬರುತ್ತಿತ್ತೆಂದು ಹನುಮವ್ವನಿಗೀಗ ಗೊತ್ತಾಯಿತು. ಆಮೇಲೆ ಅವನ ಬಲಗಾಲನ್ನು ಮೆಲ್ಲಗೆ ಕೆಳಗಿಟ್ಟು, ಎಡಗಾಲನ್ನು ಎತ್ತಿ ಮಡಿಲಿಗಿಟ್ಟುಕೊಂಡಳು. ಅದರ ಅಂಗಾಲಿಗೂ ಸಿಪ್ಪೆ ನಾಟಿತ್ತು. ಬಲಗಾಲಿನದನ್ನು ಕಿತ್ತಷ್ಟೇ ಜೋಪಾನವಾಗಿ ಒಂದೊಂದನ್ನೂ ಕಿತ್ತಳು. ಹೆಬ್ಬೆರಳನ್ನು ತಾನೇ ಹಿಡಿದು ನೀವಿದಳು.

“ಇಲ್ಲೇನು?”

“ಸ್ವಲ್ಪ ಒಳಗ.”

“ಇಲ್ಲಿ?”

“ಹಾಂ. ಅಲ್ಲೇ.”

“ನೀರು ಕೊಡ್ರಿ,” ಎಂದಳು ಹನುಮವ್ವ ಯಾರಿಗೋ. ಪೂಜೆಗೆ ತುಂಬಿಟ್ಟಿದ್ದ ತಂಬಿಗೆಯನ್ನೇ ಶ್ಯಾಮಣ್ಣ ಕೊಟ್ಟರು. ಅವಳು ಆ ಪಾದದ ಮೇಲೆ ನೀರು ಸುರಿದಳು.

ಈರಪ್ಪ ನೀರನ್ನು ನೋಡಿದ, ತಾಯಿಯ ಮುಖ ನೋಡಿದ.

“ಥಂಡಿ ಐತಿ,” ಎಂದ.

ಅದು ನಿಜವೋ ಸುಳ್ಳೋ ಅವನನ್ನೇ ಕೇಳಬೇಕು. ಆಮೇಲೆ ಯಾರು ಕೇಳಿದರೂ ಅವನು ಮಾತು ಬದಲಾಯಿಸುತ್ತಾನೆ. ಹನುಮವ್ವ ಅವನ ಬೆನ್ನಿಗೆ ಗುದ್ದಿದಳು. ಮೆಲ್ಲಗಲ್ಲ.

“ಇಷ್ಟು ದಿನ ನೋವು ಒಬ್ಬನಽ ತಿಂದ್ಯಲ್ಲೋ ಭಾಡ್ಯಾ! ಬಂದ ಕಾಲನ್ನ ಬಂದಿಲ್ಲ ಅಂತ ಕೂಡ್ರಿಸಿದ್ಯಲ್ಲೋ ನನ್ನ!”

ಆಮೇಲೆ ಗಂಡನ ಕಡೆ ತಿರುಗಿ, “ಎಡಗಾಲಿಂದು ತಗೊಂಬರ್ರಿ,” ಎಂದಳು.

ಕಾಡಪ್ಪ ಜೇಬಿನಿಂದ ಬೀಡಿ ತೆಗೆಯುವವನಂತೆ ಕೈ ಹಾಕಿ, ಅಂಗಿಯ ಒಳಗಿಂದ ಚಪ್ಪಲಿ ಹೊರತೆಗೆದ. ಬೆಳಿಗ್ಗೆ ಹೊರಡುವಾಗಲೇ ಮೊಳೆಯಿಂದ ಇಳಿಸಿಕೊಂಡು ಬಂದಿದ್ದ.

ಶ್ಯಾಮಣ್ಣ ಲೇತಿಗೆ, ಡ್ರಿಲ್ಲಿಗೆ, ತಕ್ಕಡಿಗೆ ಕುಂಕುಮ ಹಚ್ಚುತ್ತ ಬಂದವರು ಈರಪ್ಪನ ಎಡಗಾಲಿನ ಮುಂದೆ ನಿಂತು ಹನುಮವ್ವನ ಮುಖ ನೋಡಿದರು.

“ಬ್ಯಾಡ್ರಿ ಸಾಹೇಬ್ರ,” ಎಂದಳು ಅವಳು. “ಅದು ಮಷಿನ್ ಅಲ್ಲ.”

ಮಗನ ಗಾಯಕ್ಕೂ ತನ್ನ ಗಾಯಕ್ಕೂ ಬಟ್ಟೆ ಸುತ್ತಿ, ಚಪ್ಪಲಿ ಮೆಟ್ಟಿಕೊಂಡು ಅವಳು ಎದ್ದು ನಿಂತಳು. ವರ್ಷಗಟ್ಟಲೆ ಮೊಳೆಯಲ್ಲಿ ನೇತಾಡಿ ಆ ಚಪ್ಪಲಿ ಹಪ್ಪಳದಂತೆ ಗಟ್ಟಿಯಾಗಿತ್ತು. ಅಂಗಳದ ಬಾಗಿಲ ತನಕ ಹೋಗುವುದರೊಳಗೆ ನಿಂತು, ಮುಖ ಕಿವುಚಿ, ಬೆರಳ ಸಂದಿಯನ್ನು ಮುಟ್ಟಿ ನೋಡಿಕೊಂಡಳು.

“ಕಚ್ಚಾಕತ್ತೈತೋ ಈರ್ಯಾ, ಇದು.”

ಹಿಂದೆ ಕುಂಟುತ್ತ ಬರುತ್ತಿದ್ದ ಈರಪ್ಪ ಥಟ್ಟನೆ ನಿಂತ. “ಯಾವ ಕಾಲು?”

“ಎಡಗಾಲು.”

“ಖರೇನ? ಗೊತ್ತಾಗತೈತೇನು?”

“ಕಚ್ಚಿದ್ದು ಗೊತ್ತಾಗದೇನೋ?”

“ಹಂಗಾದ್ರ ಕಚ್ಚಲಿ ಬಿಡು, ಯವ್ವಾ,” ಎಂದ ಈರಪ್ಪ. “ಕಚ್ಚಲಿ.”